ಆಡಿಶನ್ ದಿನ ಗಂಟಲು ಒಣಗಿದರೆ: ಹೆದರಿದ ಮೈಯಲ್ಲೇ ಹಾಡುವುದು ಹೇಗೆ?



ಹೋದ ವಾರ ನಿದ್ದೆಯ ಬಗ್ಗೆ ಕಳಿಸಿದ ಲೇಖನ ಓದಿ ಪುಣೆಯಿಂದ ಒಬ್ಬ ತಾಯಿ ಬರೆದಿದ್ದರು. "ಡಾಕ್ಟ್ರೇ, ಮಗಳಿಗೆ 14 ವರ್ಷ. ಇನ್ನು ಮೂರು ವಾರಕ್ಕೆ ಸಂಗೀತದ ಶಿಷ್ಯವೇತನಕ್ಕೆ ಆಡಿಶನ್ ಇದೆ. ಮನೆಯಲ್ಲಿ ಹಾಡಿದರೆ ಪಕ್ಕದ ಫ್ಲ್ಯಾಟಿನ ಮರಾಠಿ ಅಜ್ಜಿ ಬಾಗಿಲು ತೆಗೆದಿಟ್ಟುಕೊಂಡು ಕೇಳುತ್ತಾರೆ. ಪರೀಕ್ಷಕರ ಎದುರು ಕೂತರೆ ಮಾತ್ರ ಸ್ವರವೇ ಹೊರಡುವುದಿಲ್ಲ. ಹೋದ ವರ್ಷವೂ ಹೀಗೇ ಆಯಿತು. ಈಗ ರಾತ್ರಿ ನಿದ್ದೆ ಇಲ್ಲ. ಏನಾದರೂ ಮಾತ್ರೆ ಇದೆಯಾ?"

ಮಾತ್ರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಪ್ರಶ್ನೆ ಓದಿದಾಗ ನನಗೆ ನನ್ನದೇ ಕಥೆ ನೆನಪಾಯಿತು, ಅದನ್ನು ಮೊದಲು ಹೇಳಿಬಿಡುತ್ತೇನೆ.

ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುತ್ತಲೇ ವಾರಕ್ಕೆರಡು ಸಲ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗಿ ಹಿಂದೂಸ್ತಾನಿ ಕಲಿತವಳು ನಾನು. ಮದುವೆಯಾಗಿ ಡೊಂಬಿವಲಿಗೆ ಬಂದೆ. 26ನೇ ವಯಸ್ಸಿನಲ್ಲಿ ಒಂದು ಆಡಿಶನ್‌ಗೆ ಹೋದೆ. ಲೋಕಲ್ ಟ್ರೇನಿನಲ್ಲಿ ನಿಂತೇ ಪ್ರಯಾಣ, ಆಮೇಲೆ ಎರಡು ಗಂಟೆ ಕಾಯುವುದು. ಹೆಸರು ಕರೆದರು. ಒಳಗೆ ಎಲೆಕ್ಟ್ರಾನಿಕ್ ತಂಬೂರಿ ಕಾಳಿ ಪಾಂಚ್‌ನಲ್ಲಿ ನುಡಿಯುತ್ತಿತ್ತು. ನನ್ನ ಶ್ರುತಿ ಕಾಳಿ ಚಾರ್, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ. ಕರ್ನಾಟಕ ಸಂಗೀತದವರು ಐದೂವರೆ ಮನೆ ಎನ್ನುವುದು ಇದನ್ನೇ. "ಸ್ವಲ್ಪ ಇಳಿಸಿ" ಎಂದು ಎರಡು ಶಬ್ದ ಹೇಳಿದ್ದರೆ ಆಗುತ್ತಿತ್ತು. ಬಾಯಿ ಬರಲಿಲ್ಲ. ಭೀಮಪಲಾಸ್ ಎತ್ತಿಕೊಂಡೆ. ಷಡ್ಜದಲ್ಲೇ ನಡುಕ. ಲಯ ತೋರಿಸುವಾಗಲೇ ಓಡಿದೆ, ತಬಲಾದವರು ಒಮ್ಮೆ ನನ್ನ ಮುಖ ನೋಡಿದರು. ತಾರ ಷಡ್ಜಕ್ಕೆ ಹೋಗುವಷ್ಟರಲ್ಲಿ ಉಸಿರು ಮುಗಿದಿತ್ತು. "ಬಸ್, ಠೀಕ್ ಹೈ" ಅಂದರು. ವಾಪಸ್ ಬರುವಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು ಎನ್ನುವುದು ಬಿಟ್ಟರೆ ಆ ದಿನದ ಬೇರೇನೂ ನೆನಪಿಟ್ಟುಕೊಳ್ಳಲು ನನಗೆ ಇಷ್ಟವಿಲ್ಲ.

ಆಮೇಲೆ 15 ವರ್ಷ ನಾನು ಆಡಿಶನ್ ಎಂಬ ಹೆಸರೆತ್ತಲಿಲ್ಲ. ನನಗೆ ಪ್ರತಿಭೆ ಇಲ್ಲ ಎಂದುಕೊಂಡಿದ್ದೆ. ನಿಜವಾಗಿ ಆಗಿದ್ದು ಅದಲ್ಲ. ನನ್ನ ಮೂತ್ರಪಿಂಡದ ಮೇಲೆ ಕೂತಿರುವ ಎರಡು ಸಣ್ಣ ಗ್ರಂಥಿಗಳು ತಮ್ಮ ಕೆಲಸ ಮಾಡಿದ್ದವು, ಅಷ್ಟೇ. ಡಾಕ್ಟರಾಗಿದ್ದೂ ನನಗೆ ಅದು ಹೊಳೆಯಲಿಲ್ಲ ನೋಡಿ.

*ಮೈಯಲ್ಲಿ ಆಗುವುದೇನು?*

ಅಪಾಯ ಎದುರಾಯಿತು ಎಂದು ಮೆದುಳಿಗೆ ಅನ್ನಿಸಿದರೆ ಆ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಎದುರಿಗಿರುವುದು ಹುಲಿಯೋ ಮೂವರು ಪರೀಕ್ಷಕರೋ ಎಂದು ಅವು ವಿಚಾರಿಸುವುದಿಲ್ಲ. ಹೃದಯ ಜೋರಾಗಿ ಹೊಡೆದುಕೊಳ್ಳುತ್ತದೆ. ಓಡುವುದಕ್ಕೆ ಬೇಕಾದ ದೊಡ್ಡ ಸ್ನಾಯುಗಳಿಗೆ ರಕ್ತ ಹೋಗುತ್ತದೆ, ಬೆರಳುಗಳಿಗೆ ಕಡಿಮೆಯಾಗುತ್ತದೆ. ಅದಕ್ಕೇ ಕೈ ತಣ್ಣಗಾಗುವುದು. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಹೊಟ್ಟೆಯಿಂದ ಆಡುತ್ತಿದ್ದ ಉಸಿರು ಎದೆಯ ಮೇಲ್ಭಾಗಕ್ಕೆ ಬಂದು ಚಿಕ್ಕದಾಗುತ್ತದೆ. ಕುತ್ತಿಗೆ, ದವಡೆ ಬಿಗಿಯುತ್ತವೆ. ಗಂಟಲಿನ ಧ್ವನಿಪೆಟ್ಟಿಗೆ ಮೇಲಕ್ಕೆ ಸರಿಯುತ್ತದೆ.

ಓಡುವವರಿಗೆ ಇದೆಲ್ಲ ಉಪಕಾರ. ಹಾಡುವವರಿಗೆ ತೊಂದರೆ. ನನ್ನ ಶ್ರುತಿಯಲ್ಲಿ ಮಧ್ಯ ಷಡ್ಜ ಹಾಡುವಾಗ ಗಂಟಲಿನ ಎರಡು ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗಿ ಬಿಡುತ್ತವೆ. ತಾರ ಷಡ್ಜದಲ್ಲಿ ಅದರ ಎರಡರಷ್ಟು. ಇಷ್ಟು ಸೂಕ್ಷ್ಮ ಕೆಲಸಕ್ಕೆ ಕೆಳಗಿನಿಂದ ಬರುವ ಉಸಿರು ಒಂದೇ ಸಮ ಇರಬೇಕು. ಉಸಿರು ಕೊಂಚ ಅಲುಗಿದರೂ ಸ್ವರ ಅಲುಗುತ್ತದೆ. ನಾವು "ನಡುಕ" ಎನ್ನುವುದು ಇದನ್ನೇ. ಅಡ್ರಿನಲಿನ್ ಏರಿದಾಗ ಸಮಯವೂ ಬೇರೆ ಥರ ಅನ್ನಿಸುತ್ತದೆ. ನಿಮಗೆ ಸರಿಯಾದ ಲಯ ಅನ್ನಿಸುವುದು ಕೇಳುವವರಿಗೆ ಓಟ. ಶ್ರುತಿಪೆಟ್ಟಿಗೆ ಇಲ್ಲದೆ ಷಡ್ಜ ಹಿಡಿಯಲು ಹೇಳಿದರೆ ದಿನಕ್ಕಿಂತ ಮೇಲೆ ಹಿಡಿಯುತ್ತೀರಿ.

ಈಗ ಮುಖ್ಯ ಮಾತು. ಈ ಅಲೆ ಶುರುವಿನಲ್ಲಿ ಬಹಳ ಎತ್ತರ ಇರುತ್ತದೆ. ಹಾಡುತ್ತಾ ಹೋದಂತೆ, ಎರಡು ಮೂರು ನಿಮಿಷದಲ್ಲಿ, ಹೆಚ್ಚಿನವರಿಗೆ ಇಳಿಯತೊಡಗುತ್ತದೆ. ಕಛೇರಿಯಲ್ಲಿ ಎರಡು ಗಂಟೆ ಇರುತ್ತದೆ, ಮೊದಲ ಹಾಡು ಅಲುಗಿದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆಡಿಶನ್ ಮಾತ್ರ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮೈ ಸರಿಯಾಗುವ ಹೊತ್ತಿಗೆ "ಸಾಕು" ಎನ್ನುತ್ತಾರೆ. ಹಾಗಾಗಿ ಆಡಿಶನ್‌ಗೆ ತಯಾರಿ ಎಂದರೆ ಮೊದಲ ಎರಡು ನಿಮಿಷದ ತಯಾರಿ. ರಾಗ ಗೊತ್ತಿದೆ, ಹಾಡು ಬಾಯಿಪಾಠ ಇದೆ. ಹೊಡೆದುಕೊಳ್ಳುವ ಎದೆ, ಒಣಗಿದ ಬಾಯಿ ಇಟ್ಟುಕೊಂಡು ಅದನ್ನು ಶುರು ಮಾಡುವುದು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

*"ಹೆದರಬೇಡ" ಎನ್ನುವುದರಿಂದ ಉಪಯೋಗವಿಲ್ಲ*

ಗೇಟಿನ ಹತ್ತಿರ ಅಪ್ಪ ಬೆನ್ನು ತಟ್ಟಿ "ಹೆದರಬೇಡ ಪುಟ್ಟಾ" ಎನ್ನುತ್ತಾರೆ. ಪ್ರೀತಿಯಿಂದಲೇ. ಆದರೆ ಬಡಿದುಕೊಳ್ಳುವ ಹೃದಯವನ್ನು ಮಾತಿನಿಂದ ನಿಲ್ಲಿಸಲು ಆಗುವುದಿಲ್ಲ. ಮಗುವಿಗೆ ಈಗ ಎರಡು ಹೆದರಿಕೆ: ಆಡಿಶನ್ನಿನದು ಒಂದು, "ನಾನು ಹೆದರುತ್ತಿದ್ದೇನಲ್ಲಾ" ಎನ್ನುವುದು ಇನ್ನೊಂದು.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅಪರಿಚಿತರ ಎದುರು ಕರೋಕೆ ಹಾಡಬೇಕಾದ ಜನರಲ್ಲಿ ಕೆಲವರಿಗೆ ಹಾಡುವ ಮುಂಚೆ "ನನಗೆ ಆತಂಕವಾಗುತ್ತಿದೆ" ಎಂದು ಹೇಳಿಸಿದರು, ಕೆಲವರಿಗೆ "ನನಗೆ ಉತ್ಸಾಹವಾಗುತ್ತಿದೆ" ಎಂದು. ಉತ್ಸಾಹ ಎಂದವರು ಹೆಚ್ಚು ಶುದ್ಧವಾಗಿ ಹಾಡಿದರು. ಅವರ ಎದೆಬಡಿತವೇನೂ ಕಡಿಮೆಯಾಗಿರಲಿಲ್ಲ. ಬಡಿತಕ್ಕೆ ಇಟ್ಟ ಹೆಸರು ಮಾತ್ರ ಬದಲಾಗಿತ್ತು. ಜಾತ್ರೆಗೆ ಹೊರಟ ಮಗುವಿನ ಎದೆಯೂ ಹೀಗೇ ಬಡಿಯುತ್ತದಲ್ಲವೇ? ಆದ್ದರಿಂದ ಮಗುವಿಗೆ ಹೇಳುವುದಿದ್ದರೆ ಹೀಗೆ ಹೇಳಿ: "ಎದೆ ಡಬಡಬ ಅಂತಿದೆಯಾ? ಒಳ್ಳೇದು, ಮೈ ತಯಾರಾಗ್ತಾ ಇದೆ."

*ಮೂರು ವಾರ ಇದ್ದಾಗ: ಮೆಟ್ಟಿಲು ಹತ್ತಿ ಹಾಡಿ*

41ನೇ ವಯಸ್ಸಿನಲ್ಲಿ ಮತ್ತೆ ಆಡಿಶನ್‌ಗೆ ಅರ್ಜಿ ಹಾಕಿದಾಗ ನಾನು ಮಾಡಿದ ಉಪಾಯ ಇದು. ಆ ಪುಣೆಯ ತಾಯಿಗೂ ಇದನ್ನೇ ಮೊದಲು ಹೇಳಿದೆ. ನಮ್ಮ ಕಟ್ಟಡದ ಮೂರು ಮಹಡಿ ಬಿರಬಿರನೆ ಹತ್ತಿ, ಬಾಗಿಲು ತೆಗೆದು, ತಂಬೂರಿ ಆ್ಯಪ್ ಹಾಕಿ, ಕೂತ ತಕ್ಷಣ ಮೊದಲ ಎರಡು ನಿಮಿಷ ಹಾಡುವುದು. ಎದೆ ಬಡಿಯುತ್ತಿರುತ್ತದೆ, ಉಸಿರು ಚಿಕ್ಕದು, ಬಾಯಿ ಒಣಗಿರುತ್ತದೆ. ಆಡಿಶನ್ ಕೋಣೆಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಮೊದಲ ದಿನ ಷಡ್ಜ ಚೂರುಚೂರಾಯಿತು. ಹತ್ತನೇ ದಿನಕ್ಕೆ ಗೊತ್ತಾಯಿತು: ಈ ಸ್ಥಿತಿಯಲ್ಲಿ ದೊಡ್ಡ ದಮ್ಮಿನ ಆಲಾಪಕ್ಕೆ ಕೈ ಹಾಕಬಾರದು, ಮಂದ್ರದ ನಿಷಾದದಿಂದ ಷಡ್ಜಕ್ಕೆ ಮೆಲ್ಲಗೆ ಬಂದು ನಿಲ್ಲಬೇಕು, ಎರಡು ಮೂರು ಸಣ್ಣ ವಾಕ್ಯ ಹಾಡಿ ಉಸಿರು ಕೂಡಿಸಿಕೊಳ್ಳಬೇಕು. ಮನೆಯಲ್ಲಿ ಸುಖಾಸನದಲ್ಲಿ ಕೂತು ಹಾಡಿದ್ದರೆ ಇದು ಎಂದೂ ತಿಳಿಯುತ್ತಿರಲಿಲ್ಲ. (ಹೃದಯದ ತೊಂದರೆ, ಆಸ್ತಮಾ, ಮೊಣಕಾಲು ನೋವು ಇರುವವರು ಮೆಟ್ಟಿಲು ಬಿಡಿ.)

ಇನ್ನೊಂದು, ಜನರ ಎದುರು ಶುರು ಮಾಡುವ ಅಭ್ಯಾಸ. ದೂರದ ಊರಿನಲ್ಲಿರುವ ನಮಗೆ ಕೇಳುವವರು ಎಲ್ಲಿ ಸಿಗುತ್ತಾರೆ ಎನ್ನಬೇಡಿ. ಊರಿನಲ್ಲಿರುವ ಅಜ್ಜ ಅಜ್ಜಿಗೆ ವಿಡಿಯೋ ಕಾಲ್ ಹಚ್ಚಿ, ಅವರು ಎತ್ತಿದ ಕೂಡಲೇ ಮಾತಿಲ್ಲದೆ ಹಾಡು ಶುರು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಪ್ರಾರ್ಥನೆಗೆ ಯಾರೂ ಇಲ್ಲ ಎಂದು ಒದ್ದಾಡುತ್ತಿರುತ್ತಾರೆ, ಒಪ್ಪಿಕೊಳ್ಳಿ. ನಮ್ಮ ಮನೆಗೆ ಕೊರಿಯರ್ ತಂದ ಹುಡುಗನನ್ನೂ ನಾನು ಎರಡು ನಿಮಿಷ ನಿಲ್ಲಿಸಿಕೊಂಡದ್ದಿದೆ. ಪಾಪ, ಆತ ಹೆಲ್ಮೆಟ್ ತೆಗೆದು ಗಂಭೀರವಾಗಿ ಕೇಳಿದ.

ಆಡಿಶನ್ ಯಾವ ಥರದ್ದು ಎಂದು ತಿಳಿದುಕೊಂಡು ಅದರಂತೆಯೇ ಅಭ್ಯಾಸ ಮಾಡಬೇಕು. ಆಕಾಶವಾಣಿಯಲ್ಲಿ ಶಾಸ್ತ್ರೀಯ ಕಲಾವಿದರಿಗೆ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳಿವೆ. ಅಲ್ಲಿ ನಿಮ್ಮ ಎದುರು ಮುಖಗಳಿರುವುದಿಲ್ಲ, ಮೈಕ್ ಇರುತ್ತದೆ. ತಲೆಯಾಡಿಸುವವರು ಯಾರೂ ಇಲ್ಲದ ಆ ಸ್ಟುಡಿಯೋ ಮೌನ ಕೆಲವರಿಗೆ ಪರೀಕ್ಷಕರಿಗಿಂತ ಭಯಂಕರ. ಅದಕ್ಕೆ ಗೋಡೆಗೆ ಮುಖ ಮಾಡಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಕಿಟಕಿ ಮುಚ್ಚಿ ಹಾಡಬೇಕು. ಮುಂಬೈ ಪುಣೆಯ ಮಕ್ಕಳು ಬರೆಯುವ ಗಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಲ್ಲಿ ಪರೀಕ್ಷಕರು ಎದುರೇ ಕೂತು ನಡುನಡುವೆ ಪ್ರಶ್ನೆ ಕೇಳುತ್ತಾರೆ. ರಾಗದ ಆರೋಹ ಹೇಳು, ಕೈಯಲ್ಲಿ ತಾಳ ಹಾಕಿ ತೋರಿಸು ಎನ್ನುತ್ತಾರೆ. ಅದಕ್ಕೆ ಮನೆಯಲ್ಲಿ ಯಾರಾದರೂ ಹಾಡಿನ ಮಧ್ಯೆ ತಡೆದು ಪ್ರಶ್ನೆ ಕೇಳಬೇಕು, ಉತ್ತರಿಸಿ ಮತ್ತೆ ಹಾಡಿಗೆ ಮರಳಬೇಕು. ಟಿವಿಯವರ ಆಡಿಶನ್ ಎಂದರೆ ಮುಖ್ಯವಾಗಿ ಸಾಲು, ಕಾಯುವಿಕೆ.

*ಹಿಂದಿನ ದಿನ*

ಹೆಚ್ಚು ಹಾಡಬೇಡಿ. ಹಿಂದಿನ ದಿನ ಐದು ಗಂಟೆ ಕೂತು ಎಲ್ಲ ರಾಗವನ್ನೂ ತಿರುವಿ ಹಾಕಿದರೆ ಧ್ವನಿತಂತುಗಳು ಸಣ್ಣಗೆ ಊದಿಕೊಳ್ಳುತ್ತವೆ, ಮರುದಿನ ಮೇಲಿನ ಸ್ವರ ಬರುವುದಿಲ್ಲ. ಲೋಕಲ್ ಟ್ರೇನಿನಲ್ಲಿ, ಮೆಟ್ರೋದಲ್ಲಿ, ಮದುವೆ ಹಾಲಿನಲ್ಲಿ ಗದ್ದಲದ ಮೇಲೆ ಗಂಟಲೆತ್ತಿ ಮಾತಾಡುವುದು ಹಾಡುವುದಕ್ಕಿಂತ ಹೆಚ್ಚು ದಣಿಸುತ್ತದೆ. ಸದ್ದಿನ ನಡುವೆ ನಾವು ನಮಗೆ ತಿಳಿಯದೆಯೇ ಜೋರಾಗಿ ಮಾತಾಡುತ್ತೇವೆ.

ನಿದ್ದೆ ಬಾರದಿದ್ದರೆ? ಒಂದು ರಾತ್ರಿ ನಿದ್ದೆ ಕೆಟ್ಟರೆ ಮರುದಿನದ ಹತ್ತು ನಿಮಿಷದ ಹಾಡು ಕೆಡುವುದಿಲ್ಲ. ಆ ಹತ್ತು ನಿಮಿಷಕ್ಕೆ ಅಡ್ರಿನಲಿನ್ನೇ ಎಚ್ಚರ ಕೊಡುತ್ತದೆ. ಇದನ್ನು ಮಗುವಿಗೆ ಹಗಲಿನಲ್ಲೇ ಹೇಳಿಡಿ. ರಾತ್ರಿ ಎರಡು ಗಂಟೆಗೆ "ನಿದ್ದೆ ಮಾಡು, ನಾಳೆ ಹಾಡಬೇಕು" ಎನ್ನುವುದು ಬೇಡ.

ಮತ್ತೊಂದು ವಿಷಯ ಕೈ ಮುಗಿದು ಕೇಳುತ್ತೇನೆ. ಆಡಿಶನ್ ಇದೆ ಎಂದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ನಲವತ್ತು ಜನ "ಆಲ್ ದ ಬೆಸ್ಟ್" ಹಾಕುತ್ತಾರೆ, ಆಮೇಲೆ ಅದೇ ನಲವತ್ತು ಜನ "ಏನಾಯ್ತು" ಎಂದು ಕೇಳುತ್ತಾರೆ. ಮಗು ಪರೀಕ್ಷಕರಿಗೆ ಹೆದರುತ್ತಿದೆ ಎಂದು ನಾವು ತಿಳಿಯುತ್ತೇವೆ. ನನ್ನ ಕ್ಲಿನಿಕ್ಕಿಗೆ ಬರುವ ಮಕ್ಕಳನ್ನು ಕೇಳಿದರೆ ಹೆಚ್ಚಿನವರ ಹೆದರಿಕೆ ಶಿವಮೊಗ್ಗದ ದೊಡ್ಡಮ್ಮನಿಗೆ ಏನು ಹೇಳುವುದು ಎನ್ನುವುದು.

*ನೀರು, ಹಾಲು, ಜ್ಯೇಷ್ಠಮಧು*

ಇಲ್ಲಿ ನಮ್ಮಲ್ಲಿ ತಪ್ಪು ತಿಳಿವಳಿಕೆ ಬಹಳ. ನಾವು ನುಂಗಿದ್ದೆಲ್ಲ ಅನ್ನನಾಳಕ್ಕೆ ಹೋಗುತ್ತದೆ. ಧ್ವನಿತಂತು ಇರುವುದು ಶ್ವಾಸನಾಳದ ಬಾಗಿಲಿನಲ್ಲಿ. ಬಿಸಿನೀರು, ಜೇನು, ಶುಂಠಿ ಕಷಾಯ ಯಾವುದೂ ಧ್ವನಿತಂತುವನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೆ ಕೆಮ್ಮಿ ಕೆಮ್ಮಿ ಸಾಕಾಗುತ್ತದೆ. ಉಪ್ಪುನೀರಿನ ಮುಕ್ಕಳಿಕೆಯೂ ಅಲ್ಲಿಗೆ ತಲುಪುವುದಿಲ್ಲ. ಅವುಗಳಿಂದ ಬಾಯಿ, ಗಂಟಲಿನ ಹಿಂಭಾಗಕ್ಕೆ ಹಿತವಾಗುತ್ತದೆ, ಮನಸ್ಸಿಗೆ ನೆಮ್ಮದಿ ಸಿಗುತ್ತದೆ. ಅದೂ ಬೇಕಾದದ್ದೇ, ಕುಡಿಯಿರಿ. ಆದರೆ ತಂತುಗಳಿಗೆ ತೇವ ಸಿಗುವುದು ರಕ್ತದ ಮೂಲಕ, ಅದಕ್ಕೆ ಗಂಟೆಗಳೇ ಬೇಕು. ಹಾಗಾಗಿ ಆಡಿಶನ್ ಬಾಗಿಲಲ್ಲಿ ನಿಂತು ಒಂದು ಬಾಟಲಿ ಗಟಗಟ ಕುಡಿದರೆ ಬರುವುದು ಮೂತ್ರ ಮಾತ್ರ. ಹಿಂದಿನ ದಿನದಿಂದಲೇ ಸ್ವಲ್ಪಸ್ವಲ್ಪ ಕುಡಿಯುತ್ತಿರಿ.

ನೇರವಾಗಿ ಒಳಗೆ ಹೋಗುವುದು ಉಸಿರಿನ ಜೊತೆ ಹೋಗುವ ಹಬೆ. ಬೆಳಿಗ್ಗೆ ಐದು ನಿಮಿಷ ಸ್ಟೀಮರ್‌ನಿಂದ ಹಬೆ ತೆಗೆದುಕೊಳ್ಳಬಹುದು. ಮಕ್ಕಳನ್ನು ಕುದಿಯುವ ಪಾತ್ರೆಯ ಮೇಲೆ ಟವೆಲ್ ಹೊದಿಸಿ ಕೂರಿಸಬೇಡಿ, ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ನೀಲಗಿರಿ ಎಣ್ಣೆ, ಬಾಮ್ ಏನೂ ಹಾಕಬೇಡಿ.

ಹಾಲು ಮೊಸರು ಕಫ ಮಾಡುತ್ತದೆ ಎನ್ನುತ್ತಾರೆ. ಹಾಲು ಕಫ ಹೆಚ್ಚಿಸುವುದಿಲ್ಲ, ಜೊಲ್ಲಿನ ಜೊತೆ ಸೇರಿ ಸ್ವಲ್ಪ ಹೊತ್ತು ದಪ್ಪ ಅನ್ನಿಸುತ್ತದೆ. ಹಾಡುವ ಮುಂಚೆ ಬೇಡ, ಹಿಂದಿನ ರಾತ್ರಿಯ ಮೊಸರನ್ನಕ್ಕೆ ಅಡ್ಡಿಯಿಲ್ಲ. ನಿಜವಾಗಿ ಸ್ವರ ಕೆಡಿಸುವುದು ರಾತ್ರಿ ಹತ್ತೂವರೆಗೆ ಹೋಟೆಲಿನಲ್ಲಿ ತಿಂದ ಎಣ್ಣೆ ಖಾರದ ಊಟ. ಮಲಗಿದಾಗ ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ಧ್ವನಿತಂತುಗಳ ಹಿಂಭಾಗವನ್ನು ಕೆರಳಿಸುತ್ತದೆ, ಬೆಳಿಗ್ಗೆ ಎದ್ದರೆ ಸ್ವರ ಗೊಗ್ಗರು. ಮಲಗುವುದಕ್ಕೆ ಮೂರು ಗಂಟೆ ಮುಂಚೆ ಊಟ ಮುಗಿಸಿ. ಆಡಿಶನ್ ದಿನ ಎರಡು ಗಂಟೆ ಮುಂಚೆ ಇಡ್ಲಿ, ಉಪ್ಪಿಟ್ಟು, ಅವಲಕ್ಕಿ ಯಾವುದಾದರೂ ಹಗುರಾಗಿ. ಖಾಲಿ ಹೊಟ್ಟೆಯಲ್ಲಿ ಹೋದರೆ ಕೈನಡುಕ ಹೆಚ್ಚಾಗುತ್ತದೆ. ದಿನಾ ಕಾಫಿ ಕುಡಿಯುವವರು ಒಂದು ಲೋಟ ಕುಡಿಯಿರಿ, ಬಿಟ್ಟರೆ ತಲೆನೋವು. ಎರಡನೆಯದು ಎದೆಬಡಿತಕ್ಕೆ ಸೇರಿಕೊಳ್ಳುತ್ತದೆ.

ಜ್ಯೇಷ್ಠಮಧುವಿನ ತುಂಡು ಬಾಯಲ್ಲಿಟ್ಟುಕೊಳ್ಳುವ ರೂಢಿ ಗಾಯಕರಲ್ಲಿದೆ, ಹಿತವೂ ಹೌದು. ಆದರೆ ಬಿಪಿ ಇರುವವರು ದಿನವಿಡೀ ಅಗಿಯುತ್ತಾ ಹೋಗಬೇಡಿ. ಅದು ರಕ್ತದೊತ್ತಡ ಏರಿಸುತ್ತದೆ, ದೇಹದ ಪೊಟ್ಯಾಸಿಯಂ ಇಳಿಸುತ್ತದೆ.

*ಧ್ವನಿಯನ್ನು ಬಿಸಿ ಮಾಡುವುದು*

ವಾರ್ಮ್ ಅಪ್ ಎಂದರೆ ಅಭ್ಯಾಸವಲ್ಲ. ಓಟಗಾರ ಸ್ಪರ್ಧೆಗೆ ಮುಂಚೆ ಪೂರ್ತಿ ಓಟ ಓಡಿ ತೋರಿಸುವುದಿಲ್ಲ. 15-20 ನಿಮಿಷ ಸಾಕು.

ಮೊದಲು ಮೈ. ಭುಜಗಳನ್ನು ಕಿವಿಯ ತನಕ ಎತ್ತಿ ಬಿಡಿ, ಐದಾರು ಸಲ. ಕುತ್ತಿಗೆಯನ್ನು ನಿಧಾನ ಎಡಕ್ಕೆ ಬಲಕ್ಕೆ. ಕೆನ್ನೆಯ ಕೆಳಗೆ ದವಡೆಯ ಕೀಲನ್ನು ಬೆರಳಿನಿಂದ ಉಜ್ಜಿ, ಬಾಯಿ ಜೋತು ಬೀಳುವಷ್ಟು ಸಡಿಲ ಬಿಡಿ. ಒಂದು ದೊಡ್ಡ ಆಕಳಿಕೆ ಬಂದರೆ ಇನ್ನೂ ಒಳ್ಳೆಯದು, ಮೇಲೆ ಸರಿದ ಧ್ವನಿಪೆಟ್ಟಿಗೆ ಕೆಳಗಿಳಿಯುತ್ತದೆ.

ಆಮೇಲೆ ಸ್ಟ್ರಾ. ಎಳನೀರಿನ ಸ್ಟ್ರಾ ಒಂದನ್ನು ತುಟಿಗಳ ನಡುವೆ ಹಿಡಿದು, ಮೂಗಿನಿಂದ ಗಾಳಿ ಹೋಗದ ಹಾಗೆ, ಅದರೊಳಗೆ "ಊ" ಎಂದು ನಾದ ಬಿಡಿ. ಕೆಳಗಿನ ಸ್ವರದಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ ಜಾರುತ್ತಾ ಹೋಗಿ. ಅರ್ಧ ತುಂಬಿದ ನೀರಿನ ಬಾಟಲಿಯಲ್ಲಿ ಸ್ಟ್ರಾದ ತುದಿ ಎರಡು ಬೆರಳು ಮುಳುಗಿಸಿಯೂ ಮಾಡಬಹುದು, ಗುಳುಗುಳು ಗುಳ್ಳೆ ಏಳುತ್ತದೆ, ಮಕ್ಕಳಿಗೆ ಖುಷಿ. ಧ್ವನಿ ವಿಜ್ಞಾನಿ ಇಂಗೋ ಟಿಟ್ಸೆ ಅವರಿಂದಾಗಿ ಇದು ಜಗತ್ತಿನ ಗಾಯಕರಲ್ಲಿ ಬಳಕೆಗೆ ಬಂತು. ಬಾಯಿ ಅರ್ಧ ಮುಚ್ಚಿದಾಗ ಒಳಗೆ ಹಿಂದಕ್ಕೆ ಬರುವ ಗಾಳಿಯ ಒತ್ತಡದಿಂದ ಧ್ವನಿತಂತುಗಳು ಗಟ್ಟಿಯಾಗಿ ಬಡಿದುಕೊಳ್ಳದೆ ಮೆತ್ತಗೆ ಕಂಪಿಸುತ್ತವೆ. ಕಡಿಮೆ ಶ್ರಮದಲ್ಲಿ ಪೂರ್ತಿ ವ್ಯಾಪ್ತಿ ತೆರೆದುಕೊಳ್ಳುತ್ತದೆ. ಇದರ ಸದ್ದು ಬಹಳ ಕಡಿಮೆ, ಹಾಗಾಗಿ ಗೋಡೆ ತೆಳುವಾದ ಫ್ಲ್ಯಾಟುಗಳಿಗೆ, ಕ್ಯಾಬ್‌ನ ಹಿಂದಿನ ಸೀಟಿಗೆ, ಕಾಯುವ ಕಾರಿಡಾರಿಗೆ ಹೇಳಿ ಮಾಡಿಸಿದ್ದು. ಸ್ಟ್ರಾ ಇಲ್ಲದಿದ್ದರೆ ತುಟಿ ಮುಚ್ಚಿ "ಮ್" ಎಂದು ಗುನುಗಿ, ಅಥವಾ ಮಕ್ಕಳು ಕಾರು ಓಡಿಸುವಾಗ "ಬ್ರ್‌ರ್‌ರ್" ಎಂದು ತುಟಿ ಅದುರಿಸುತ್ತಾರಲ್ಲ, ಅದರಲ್ಲೇ ಸ್ವರ ಏರಿಸಿ ಇಳಿಸಿ.

ಐದು ನಿಮಿಷ ಇದಾದ ಮೇಲೆ ತಂಬೂರಿ ಹಾಕಿ ಮಂದ್ರದಿಂದ ಶುರು ಮಾಡಿ. ನಮ್ಮ ಹಿರಿಯರು ಬೆಳಗಿನ ಖರಜ್ ಸಾಧನೆಯನ್ನು ಹಾಗೇ ಹೇಳಿದ್ದಲ್ಲ. ನಿಧಾನ "ಆ"ಕಾರ, ಆಮೇಲೆ ಸರಳೆ ವರಸೆಯೋ ಅಲಂಕಾರವೋ ಮೊದಲ ಕಾಲದಲ್ಲಿ. ಮಾಯಾಮಾಳವಗೌಳದ ಸರಳೆಯನ್ನು ಐದನೇ ವಯಸ್ಸಿನಲ್ಲಿ ಕಲಿತಿರುತ್ತೀರಿ, ಹೆದರಿದ ಮೈಗೂ ಅದು ಬರುತ್ತದೆ. ಅದೇ ಅದರ ಲಾಭ. ಮೇಲಿನ ಸ್ವರಗಳನ್ನು ಕೊನೆಗೆ ಎರಡು ಮೂರು ಸಲ ಮುಟ್ಟಿ ಬನ್ನಿ, ನಿಲ್ಲಬೇಡಿ. ಆಡಿಶನ್‌ನಲ್ಲಿ ಹಾಡುವುದನ್ನು ಈ ಹೊತ್ತಿನಲ್ಲಿ ಪೂರ್ತಿ ಹಾಡಬೇಡಿ, ಮೊದಲ ಸಾಲು ಸಾಕು.

12-15ರ ಗಂಡು ಮಕ್ಕಳ ಸ್ವರ ಒಡೆಯುವ ಕಾಲವಾಗಿದ್ದರೆ ಹಳೆಯ ಶ್ರುತಿಗೆ ಹಟ ಹಿಡಿಯಬೇಡಿ. ಗುರುಗಳನ್ನು ಕೇಳಿ ಇಳಿಸಿ, ವ್ಯಾಪ್ತಿ ಕಡಿಮೆ ಇರುವ ಹಾಡು ಆರಿಸಿ. ಒಂದು ವರ್ಷ ಮುಂದೂಡಿದರೂ ನಷ್ಟವಿಲ್ಲ.

ವೀಣೆ, ಪಿಟೀಲು, ತಬಲಾ, ಮೃದಂಗದ ಮಕ್ಕಳಿಗೆ ಬೆರಳು ತಣ್ಣಗಾಗುವುದೇ ದೊಡ್ಡ ತೊಂದರೆ. ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರು ಒಯ್ದು ಕೈ ಅದ್ದಿ ಒರೆಸಿಕೊಳ್ಳಲಿ, ಇಲ್ಲವೇ ಕಂಕುಳಲ್ಲಿ ಕೈ ಇಟ್ಟುಕೊಳ್ಳಲಿ. ಹೊರಗಿನ ಸೆಕೆಯಿಂದ ಏಸಿ ಕೋಣೆಗೆ ಹೋದ ವಾದ್ಯದ ಶ್ರುತಿ ಅಲುಗುತ್ತದೆ, ಚೆನ್ನೈಯವರಿಗೆ ಇದು ಹೊಸದಲ್ಲ. ಸಾಧ್ಯವಾದರೆ ಅರ್ಧ ಗಂಟೆ ಮುಂಚೆ ವಾದ್ಯವನ್ನು ಆ ತಂಪಿನಲ್ಲಿ ಇಡಿ.

*ಕಾಯುವ ಹೊತ್ತು*

ಹತ್ತು ಗಂಟೆಗೆ ಎಂದಿದ್ದು ಒಂದೂವರೆಗೆ ಆಗುತ್ತದೆ. ಬೆಳಿಗ್ಗೆ ಮಾಡಿದ ವಾರ್ಮ್ ಅಪ್ ಅಷ್ಟರಲ್ಲಿ ಆರಿರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ನಿಮಿಷ ಸ್ಟ್ರಾ ಅಥವಾ ಗುನುಗು. ಏಸಿ ಗಾಳಿ ನೇರ ಬೀಳುವಲ್ಲಿ ಕೂರಬೇಡಿ, ಕುತ್ತಿಗೆಗೆ ದುಪ್ಪಟ್ಟಾ ಇರಲಿ. ದೆಹಲಿಯವರು ಚಳಿಗಾಲದ ಹೊಗೆಯಲ್ಲಿ ಹೊರಗೆ ಬಾಯಿಯಿಂದ ಉಸಿರಾಡುತ್ತಾ ಓಡಬೇಡಿ, ಮಾಸ್ಕ್ ಹಾಕಿ. ಗಂಟಲು ಖರಖರ ಅಂದರೆ "ಖ್ರ್‌ಹ್" ಎಂದು ಕೆಮ್ಮಿ ತೆಗೆಯಬೇಡಿ, ಧ್ವನಿತಂತುಗಳು ಒಂದಕ್ಕೊಂದು ಹೊಡೆದುಕೊಳ್ಳುತ್ತವೆ. ಒಂದು ಗುಟುಕು ನೀರು ನುಂಗಿ.

ಉಸಿರಿನ ಅಭ್ಯಾಸ ಒಂದೇ ಸಾಕು. ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಗೆ, ಆರು ಎಣಿಸುತ್ತಾ ತುಟಿ ಕೂಡಿಸಿ ಹೊರಗೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಉಸಿರು ಹೊರಹೋಗುವಾಗ ಹೃದಯ ನಿಧಾನವಾಗುತ್ತದೆ, ಅದಕ್ಕೇ ಹೊರಗಿನದು ಉದ್ದ. ಜೋರಾಗಿ ದೊಡ್ಡ ದೊಡ್ಡ ಉಸಿರು ಎಳೆದರೆ ತಲೆ ತಿರುಗುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿ ನಿಮ್ಮ ಶ್ರುತಿಯ ತಂಬೂರಿಯನ್ನು ಕೇಳುತ್ತಿರಿ. ಅಕ್ಕಪಕ್ಕದವರ ತಾನ್ ಕಿವಿಗೆ ಬೀಳುವುದೂ ತಪ್ಪುತ್ತದೆ.

*ಬಾಗಿಲು ತೆರೆದ ಮೇಲೆ*

ಕೂತ ಕೂಡಲೇ ಬಾಯಿ ತೆಗೆಯಬೇಡಿ. ಶ್ರುತಿ ಸರಿಯಿದೆಯೇ ಕೇಳಿ. ಸರಿಯಿಲ್ಲದಿದ್ದರೆ ಹೇಳಿ. "ನನ್ನ ಶ್ರುತಿ ಐದೂವರೆ, ದಯವಿಟ್ಟು ಬದಲಿಸಿ" ಎನ್ನುವ ವಾಕ್ಯವನ್ನು ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಮೊದಲೇ ಬಾಯಿಪಾಠ ಮಾಡಿಸಿಡಿ. ಹೆದರಿದಾಗ ಪರಭಾಷೆ ಮೊದಲು ಕೈಕೊಡುತ್ತದೆ. ನನಗೆ ಕೈಕೊಟ್ಟಿದ್ದು ಅಲ್ಲೇ.

ತಂಬೂರಿಯ ನಾಲ್ಕು ತಂತಿ ಎರಡು ಸುತ್ತು ನುಡಿಯುವ ತನಕ ಸುಮ್ಮನೆ ಕೇಳಿ. ಯಾರೂ ಆಕ್ಷೇಪಿಸುವುದಿಲ್ಲ, ತಯಾರಿಯುಳ್ಳವರು ಎಂದುಕೊಳ್ಳುತ್ತಾರೆ. ಬಾಯಿ ಒಣಗಿದ್ದರೆ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಮೆಲ್ಲಗೆ ಒತ್ತಿ, ಇಲ್ಲವೇ ಉಪ್ಪು ಹಚ್ಚಿದ ಮಾವಿನಕಾಯಿ ನೆನೆಸಿಕೊಳ್ಳಿ, ಜೊಲ್ಲು ಬರುತ್ತದೆ. ಮನಸ್ಸಿಗೆ ಸರಿ ಅನ್ನಿಸುವುದಕ್ಕಿಂತ ಕೊಂಚ ನಿಧಾನ ಲಯದಲ್ಲಿ ಶುರು ಮಾಡಿ. ಸ್ವರ ಅಲುಗಿದರೆ ನಿಲ್ಲಿಸಿ "ಸಾರಿ" ಎನ್ನಬೇಡಿ, ಮುಖ ಹುಳಿ ಮಾಡಬೇಡಿ, ಸಣ್ಣ ವಾಕ್ಯದಲ್ಲಿ ಮುಂದೆ ಹೋಗಿ. ಎರಡನೇ ಸಲದ ನನ್ನ ಆಡಿಶನ್‌ನಲ್ಲೂ ಷಡ್ಜ ನಡುಗಿತು, ನನಗೇ ಕೇಳಿಸಿತು. ಅಂತರಾ ಬರುವಷ್ಟರಲ್ಲಿ ಹೋಗಿತ್ತು. ಆ ಸಲ ಪಾಸಾದೆ.

*ಮಾತ್ರೆಯ ವಿಷಯ*

ಪ್ರೊಪ್ರನಲಾಲ್ ಎಂಬ ಮಾತ್ರೆ ಇದೆ. ಅಡ್ರಿನಲಿನ್ ಹೃದಯದ ಮೇಲೆ ಮಾಡುವ ಕೆಲಸ ತಡೆಯುತ್ತದೆ, ಕೈನಡುಕ ಕಡಿಮೆ ಮಾಡುತ್ತದೆ. ಪಾಶ್ಚಾತ್ಯ ಆರ್ಕೆಸ್ಟ್ರಾ ವಾದಕರಲ್ಲಿ ಇದರ ಬಳಕೆ ಇದೆ. ಆದರೆ ಆಸ್ತಮಾ ಇರುವವರಿಗೆ ಇದು ಜೀವಕ್ಕೇ ಅಪಾಯ ತರಬಹುದು. ನಾಡಿ ನಿಧಾನ ಇರುವವರಿಗೆ, ಬಿಪಿ ಕಡಿಮೆ ಇರುವವರಿಗೆ ಆಗದು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಸಕ್ಕರೆ ಇಳಿದ ಲಕ್ಷಣವನ್ನೇ ಮುಚ್ಚಿಡುತ್ತದೆ. ಅಜ್ಜಿಯ ಬಿಪಿ ಡಬ್ಬಿಯಿಂದ ಒಂದು ತೆಗೆದು ಮೊಮ್ಮಗಳಿಗೆ ಕೊಡುವ ವಸ್ತು ಅಲ್ಲ. ದೊಡ್ಡವರಿಗೆ ಬೇಕೆನಿಸಿದರೆ ನಿಮ್ಮ ವೈದ್ಯರ ಬಳಿ ಮಾತಾಡಿ. 14 ವರ್ಷದ ಹುಡುಗಿಯ ಆಡಿಶನ್‌ಗೆ ನಾನು ಬರೆದುಕೊಡಲಿಲ್ಲ.

ನೆಗಡಿ ಮಾತ್ರೆಗಳಲ್ಲಿ ಹೆಚ್ಚಿನವು ಗಂಟಲನ್ನೂ ಒಣಗಿಸುತ್ತವೆ. ಪುದೀನ ಸತ್ವದ ತಂಪು ಗುಳಿಗೆಗಳು ನೋವನ್ನು ಮರೆಸುತ್ತವೆ, ಕೆಟ್ಟ ಗಂಟಲನ್ನು ಚೆನ್ನಾಗಿದೆ ಎಂದುಕೊಂಡು ಎಳೆದಾಡುತ್ತೀರಿ. ಹಾಡುವ ದಿನಗಳಲ್ಲಿ ತಲೆನೋವಿಗೆಂದು ಆಸ್ಪಿರಿನ್ ಬೇಡ, ಧ್ವನಿತಂತುವಿನ ಸಣ್ಣ ರಕ್ತನಾಳ ಒಡೆದರೆ ರಕ್ತ ಹೆಚ್ಚು ಹರಿಯುತ್ತದೆ. (ಹೃದಯಕ್ಕಾಗಿ ವೈದ್ಯರು ಕೊಟ್ಟ ಆಸ್ಪಿರಿನ್ ನಿಲ್ಲಿಸಬೇಡಿ.) ಹಾಡುತ್ತಿರುವಾಗ ಸ್ವರ ಫಕ್ಕನೆ ಕಡಿದು ಹೋದರೆ ಅಲ್ಲಿಗೇ ನಿಲ್ಲಿಸಿ, ಮಾತೂ ಬೇಡ, ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ಮೂರು ವಾರಕ್ಕಿಂತ ಹೆಚ್ಚು ಸ್ವರ ಒಡಕಾಗಿ ಇದ್ದರೂ ತೋರಿಸಲೇಬೇಕು.

ಹೆದರಿಕೆ ಆಡಿಶನ್ ದಿನಕ್ಕೆ ಸೀಮಿತವಾಗಿರದೆ ವಾರಗಟ್ಟಲೆ ಊಟ ಸೇರದಿದ್ದರೆ, ಶಾಲೆಗೆ ಹೋಗಲೂ ಆಗದಿದ್ದರೆ, ಮಗು ತನ್ನನ್ನೇ ಕೆಟ್ಟದಾಗಿ ಬೈದುಕೊಳ್ಳುತ್ತಿದ್ದರೆ ಅದು ಬೇರೆ. ಆಗ ಮಾನಸಿಕ ಆರೋಗ್ಯ ತಜ್ಞರ ಸಹಾಯ ಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಭಾಷೆ ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡವೂ ಇದೆ.

ಹೊರಗೆ ಬಂದ ಮಗುವನ್ನು ಮೊದಲ ಒಂದು ಗಂಟೆ "ಹೇಗಾಯ್ತು" ಎಂದು ಕೇಳಬೇಡಿ. ಹಸಿದಿರುತ್ತದೆ, ಏನಾದರೂ ತಿನ್ನಿಸಿ. ಹೇಳುವುದಿದ್ದರೆ ಅದೇ ಹೇಳುತ್ತದೆ.

ಪುಣೆಯ ಹುಡುಗಿಯ ಆಡಿಶನ್‌ಗೆ ಇನ್ನೂ ಎರಡು ವಾರ ಇದೆ. ದಿನಾ ಸಂಜೆ ನೆಲಮಹಡಿಯಿಂದ ಮೂರನೇ ಮಹಡಿಗೆ ಹತ್ತಿ ಬಂದು ಹಾಡುತ್ತಿದ್ದಾಳಂತೆ. ಪಕ್ಕದ ಮರಾಠಿ ಅಜ್ಜಿ ಈಗ ಮೆಟ್ಟಿಲ ಬಳಿಯೇ ಕುರ್ಚಿ ಹಾಕಿಕೊಂಡು ಕಾಯುತ್ತಾರೆ, "ಇವತ್ತು ತಡವಾಯಿತಲ್ಲ" ಎಂದು ನಿನ್ನೆ ಗದರಿದರಂತೆ.